ಲ್ಯಾಬ್‌ನಲ್ಲಿ ಮೌಸ್ ಯಾರ ಕೈಯಲ್ಲಿದೆ? ಹೆಣ್ಣುಮಕ್ಕಳಿಗೆ ಗಣಿತ, ವಿಜ್ಞಾನ, ಕಂಪ್ಯೂಟರ್ ಕಲಿಸುವವರು ಬನ್ನಿ

ಕೃಷ್ಣಾ ದಂಡೆ ಮಾಸ್ತರ, ಬೀಳಗಿ ತಾಲೂಕು

ಎಲ್ಲರಿಗೂ ನಮಸ್ಕಾರ. ನಾನು ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಮ್ಮದು ಹಿನ್ನೀರಿಗೆ ಮುಳುಗಿ ಬೇರೆ ಕಡೆ ಎದ್ದ ಊರು, ಪುನರ್ವಸತಿ ಕೇಂದ್ರ. ಶಾಲೆಯ ಕಂಪ್ಯೂಟರ್ ಲ್ಯಾಬ್ ಕೂಡ ನನ್ನ ಜವಾಬ್ದಾರಿ. 11 ಕಂಪ್ಯೂಟರ್ ಇವೆ. ಅದರಲ್ಲಿ 6 ನಡೆಯುತ್ತವೆ.

ಹೋದ ವಾರ 9ನೇ ತರಗತಿಯ ಲ್ಯಾಬ್ ಪೀರಿಯಡ್ ನಡೆದಿತ್ತು. ನಡುವೆ ಕರೆಂಟ್ ಹೋಯಿತು. ಯುಪಿಎಸ್ ಕೂಗತೊಡಗಿತು. "ಎಲ್ಲರೂ ಸೇವ್ ಮಾಡ್ರಿ" ಅಂತ ಹೇಳಿ ತಿರುಗಿ ನೋಡಿದೆ. ಆರಕ್ಕೆ ಆರೂ ಮೌಸ್ ಹುಡುಗರ ಕೈಯಲ್ಲಿದ್ದವು. ಹುಡುಗಿಯರು ಹಿಂದೆ ನಿಂತು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಿದ್ದರು. ಒಬ್ಬಳು ಕೀಬೋರ್ಡಿನ ಚಿತ್ರವನ್ನೇ ತೆಗೆದಿದ್ದಳು. ಸ್ಕೇಲ್ ಹಿಡಿದು ಒಂದೊಂದು ಕೀಗೆ ಒಂದೊಂದು ಚೌಕ. ಅಕ್ಷರಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಶಿಫ್ಟ್ ಕೀ ಮೇಲಿನ ಬಾಣದ ಗುರುತನ್ನೂ ಬಿಟ್ಟಿರಲಿಲ್ಲ. ರಾತ್ರಿ ಮನೆಯಲ್ಲಿ ಆ ಹಾಳೆಯ ಮೇಲೆ ಬೆರಳಾಡಿಸಿ ಟೈಪಿಂಗ್ ಕಲಿಯುತ್ತಾಳಂತೆ.

"ಯಾಕವ್ವಾ, ಇಲ್ಲೇ ಕೂತು ಮಾಡಬಾರದಾ?" ಅಂತ ಕೇಳಿದೆ.

"ನೀವೇ ಹೇಳೀರಲ್ರೀ ಸರ್, ನಿಮ್ಮ ಅಕ್ಷರ ಚಂದ ಅದಾವು, ರೆಕಾರ್ಡ್ ನೀವು ಬರೀರಿ ಅಂತ."

ಹೌದು. ಜೂನ್‌ನಲ್ಲಿ ನಾನೇ ಹೇಳಿದ್ದೆ. ಆ ಮಾತು ಅವತ್ತಿನಿಂದ ನನ್ನ ಮನಸ್ಸಿನಿಂದ ಹೋಗಿಲ್ಲ.

ಇನ್ನೊಂದು ವಿಷಯ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗಲೆಲ್ಲ ಹುಡುಗಿಯರೇ ಮೇಲುಗೈ ಅಂತ ಪೇಪರ್‌ನಲ್ಲಿ ಓದುತ್ತೇವೆ. ನಮ್ಮ ಶಾಲೆಯಲ್ಲೂ ಹಾಗೇ. ಹೋದ ವರ್ಷ 4 ಹುಡುಗಿಯರು, 2 ಹುಡುಗರು ಗಣಿತದಲ್ಲಿ 90 ದಾಟಿದರು. ಇಬ್ಬರೂ ಹುಡುಗರು ಸೈನ್ಸ್ ತಗೊಂಡರು. ಹುಡುಗಿಯರಲ್ಲಿ ಒಬ್ಬಳೇ ತಗೊಂಡಳು. ಅಂಕ ಕಡಿಮೆಯಾಗಿ ಬಿಟ್ಟವರಲ್ಲ ಇವರು. ಹಾಗಾದರೆ ದಾರಿ ತಪ್ಪುತ್ತಿರುವುದು ಎಲ್ಲಿ?

ಭಾಷಣ ಮಾಡಿದ್ದೇನೆ. ಕಲ್ಪನಾ ಚಾವ್ಲಾ ಫೋಟೋ ಗೋಡೆಗೆ ಹಾಕಿದ್ದೇನೆ. ಮಕ್ಕಳು ಚಪ್ಪಾಳೆ ಹೊಡೆದು ಮತ್ತೆ ಹಿಂದೆಯೇ ಹೋಗಿ ನಿಲ್ಲುತ್ತಾರೆ. ನೀವು ನಿಮ್ಮ ತರಗತಿಯಲ್ಲಿ ಕೈಯಾರೆ ಏನು ಮಾಡಿದಿರಿ, ಅದನ್ನು ಹೇಳಿ.

ಇಂಡಿ ಅಕ್ಕೋರು

ಸರ್, ನಿಮ್ಮ ಹತ್ತಿರ ಬರುವಷ್ಟರಲ್ಲಿ ಅರ್ಧ ಕೆಲಸ ಕೆಟ್ಟಿರುತ್ತದೆ. ಕೆಡಿಸಿದವರಲ್ಲಿ ನಾನೂ ಒಬ್ಬಳು. ನಾನು ಪ್ರಾಥಮಿಕ ಶಾಲೆಯವಳು. 4 ಮತ್ತು 5ನೇ ತರಗತಿ ನೋಡಿಕೊಳ್ಳುತ್ತೇನೆ.

ಭಿನ್ನರಾಶಿ ಬರದೆ ಯಾವುದಾದರೂ ಹುಡುಗಿ ಅಳುಮುಖ ಮಾಡಿದರೆ ಹತ್ತಿರ ಕರೆದು ತಲೆ ಸವರುತ್ತಿದ್ದೆ. "ಚಿಂತೆ ಮಾಡಬೇಡ, ನನಗೂ ಗಣಿತ ಬರ್ತಿರಲಿಲ್ಲ" ಅನ್ನುತ್ತಿದ್ದೆ. ಪ್ರೀತಿಯಿಂದಲೇ ಹೇಳಿದ್ದು. ಒಂದು ತರಬೇತಿಯಲ್ಲಿ 2010ರ ಅಮೆರಿಕದ ಅಧ್ಯಯನದ ಬಗ್ಗೆ ಕೇಳಿದೆ. ಸಿಯಾನ್ ಬೈಲಾಕ್ ಮತ್ತು ಜೊತೆಯವರು 1 ಮತ್ತು 2ನೇ ತರಗತಿಯ ಶಿಕ್ಷಕಿಯರನ್ನು ನೋಡಿದ್ದರು. ಶಿಕ್ಷಕಿಗೆ ಗಣಿತದ ಭಯ ಜಾಸ್ತಿ ಇದ್ದ ಕಡೆ ವರ್ಷದ ಕೊನೆಗೆ ಹುಡುಗಿಯರ ಗಣಿತ ಕಲಿಕೆ ಕುಗ್ಗಿತ್ತು. ಹುಡುಗರ ಮೇಲೆ ಆ ಪರಿಣಾಮ ಕಾಣಲಿಲ್ಲ. "ಹುಡುಗರು ಗಣಿತಕ್ಕೆ, ಹುಡುಗಿಯರು ಓದಿಗೆ" ಎಂದು ನಂಬಿದ ಹುಡುಗಿಯರಲ್ಲೇ ಇದು ಕಂಡಿತ್ತು.

ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಲೆಕ್ಕ ಹಾಕಿದೆ. ನಾನು ಆ ಮಾತನ್ನು ಯಾವತ್ತೂ ಒಬ್ಬ ಹುಡುಗನಿಗೆ ಹೇಳಿಲ್ಲ. ಹುಡುಗನಿಗೆ "ಇನ್ನೊಮ್ಮೆ ಮಾಡೋ" ಅಂದಿದ್ದೇನೆ. ಹುಡುಗಿಗೆ ಸಮಾಧಾನ ಹೇಳಿದ್ದೇನೆ.

ಈಗ ಭಿನ್ನರಾಶಿಯನ್ನು ನಾನೇ ಮೊದಲಿನಿಂದ ಕಲಿಯುತ್ತಿದ್ದೇನೆ. ರೊಟ್ಟಿ ಮುರಿದು ತೋರಿಸುವುದು ಅರ್ಧ, ಕಾಲು ತನಕ ಸರಿ. ಮೂರನೇ ಎರಡು ಭಾಗದಲ್ಲಿ ಮುಕ್ಕಾಲು ಎಷ್ಟು ಸಲ ಇದೆ ಅಂತ ಕೇಳಿದರೆ ರೊಟ್ಟಿ ಸಾಲುವುದಿಲ್ಲ. ಕಾಗದದ ಪಟ್ಟಿ ಮಡಚಿ ನಾನೂ ಮಕ್ಕಳೂ ಕೂಡಿಯೇ ಮಾಡುತ್ತೇವೆ. ತಪ್ಪಾದರೆ ಬೋರ್ಡ್ ಮೇಲೇ ತಪ್ಪು ಹುಡುಕುತ್ತೇನೆ. "ಬರ್ತಿರಲಿಲ್ಲ" ಅನ್ನುವ ಮಾತನ್ನು ಬಿಟ್ಟಿದ್ದೇನೆ.

ಗುಮ್ಮಟದೂರಿನವ, ವಿಜಯಪುರ

ಮಾಸ್ತರ, ನಾನು ಮಾಡಿದ್ದು ತೀರ ಸಣ್ಣ ಕೆಲಸ. ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಎರಡು ಗೆರೆ ಎಳೆದೆ. ಯಾರಿಗೆ ಪ್ರಶ್ನೆ ಕೇಳಿದೆನೋ ಆ ಕಡೆ ಒಂದು ಕಡ್ಡಿ ಹಾಕಲು ಕ್ಲಾಸ್ ಲೀಡರ್‌ಗೆ ಹೇಳಿದೆ. ಒಂದು ಪೀರಿಯಡ್‌ನಲ್ಲಿ 19 ಪ್ರಶ್ನೆ ಕೇಳಿದ್ದೆ. ಹುಡುಗಿಯರಿಗೆ ಹೋಗಿದ್ದು 5. ಆ ಐದರಲ್ಲಿ 3 "ಸೂತ್ರ ಹೇಳು" ಅನ್ನುವಂಥವು. "ಯಾಕೆ ಹೀಗಾಯ್ತು" ಅನ್ನುವ ಪ್ರಶ್ನೆಗಳೆಲ್ಲ ಹುಡುಗರಿಗೆ ಹೋಗಿದ್ದವು. ನಾನು ಸಮವಾಗಿ ಕೇಳುತ್ತೇನೆ ಅಂತಲೇ ನಂಬಿದ್ದೆ.

ಕಾರಣ ಹುಡುಕಿದೆ. ಪ್ರಶ್ನೆ ಬಾಯಿಂದ ಬಿದ್ದ ಕೂಡಲೇ ಕೈ ಎತ್ತುವವರು ಆ ಮೂರು ಹುಡುಗರೇ. ನಾನು ಕಾಯುತ್ತಲೇ ಇರಲಿಲ್ಲ. ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಅಳೆದಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡ್ ಮಾಡಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ನೆ ಕೂತ ಮಕ್ಕಳೂ ಮಾತಾಡುತ್ತಾರೆ. 3 ಸೆಕೆಂಡ್ ಅಂದರೆ ಏನು ಮಹಾ ಅನ್ನಿಸುತ್ತದೆ ಅಲ್ವಾ? ತರಗತಿಯಲ್ಲಿ ನಿಂತು ನೋಡಿ. ಬಹಳ ಉದ್ದ ಅದು. ನಾನು ಬೆನ್ನ ಹಿಂದೆ ಬೆರಳು ಮಡಚುತ್ತಾ ಎಣಿಸುತ್ತೇನೆ.

ಮೊದಲು ಕಾದು ನೋಡಿದ್ದು ಭಾಸ್ಕರಾಚಾರ್ಯರ ದುಂಬಿಯ ಲೆಕ್ಕಕ್ಕೆ. ಅವರು ಹುಟ್ಟಿದ ವಿಜ್ಜಡವಿಡ ನಮ್ಮ ವಿಜಯಪುರವೇ ಅಂತ ಈ ಕಡೆ ಅನೇಕರು ಹೇಳುತ್ತಾರೆ. 1150ರಲ್ಲಿ ಬರೆದ ಲೀಲಾವತಿಯಲ್ಲಿ ಎಷ್ಟೋ ಲೆಕ್ಕಗಳನ್ನು ಅವರು "ಬಾಲೆ" ಅಂತ ಒಬ್ಬ ಹುಡುಗಿಯನ್ನೇ ಕರೆದು ಕೇಳುತ್ತಾರೆ. ದುಂಬಿಗಳ ಹಿಂಡಿನಲ್ಲಿ ಐದನೇ ಒಂದು ಭಾಗ ಕದಂಬಕ್ಕೆ ಹೋಯಿತು. ಮೂರನೇ ಒಂದು ಭಾಗ ಶಿಲೀಂಧ್ರ ಹೂವಿಗೆ ಹೋಯಿತು. ಇವೆರಡರ ವ್ಯತ್ಯಾಸದ ಮೂರು ಪಟ್ಟು ಕುಟಜಕ್ಕೆ ಹೋಯಿತು. ಒಂದು ದುಂಬಿ ಗಾಳಿಯಲ್ಲೇ ಸುತ್ತುತ್ತಾ ಉಳಿಯಿತು. ಒಟ್ಟು ಎಷ್ಟು?

ಕೇಳಿದೆ. ಆ ಮೂವರ ಕೈ ಎದ್ದವು. ನಾನು ಬೆರಳು ಮಡಚಿದೆ. ಕೊನೆಯ ಬೆಂಚಿನ ಹುಡುಗಿ ಒಬ್ಬಳು, ವರ್ಷಪೂರ್ತಿ ಬಾಯಿ ಬಿಡದವಳು, ಎದ್ದಳು. "ಐದಕ್ಕೂ ಮೂರಕ್ಕೂ ಭಾಗ ಹೋಗಬೇಕಲ್ರೀ ಸರ್. ಹದಿನೈದು ಇರಬೇಕು. ಮೂರು, ಐದು, ಆರು, ಒಂದು. ಬಂತ್ರಿ" ಅಂದಳು. ಎಕ್ಸ್ ಹಿಡಿದು ಸಮೀಕರಣ ಬರೆಯುತ್ತಿದ್ದ ಹುಡುಗರು ತಿರುಗಿ ನೋಡಿದರು. ಯಾವುದಕ್ಕೆ ಭಾಗ ಹೋಗುತ್ತದೆ ಅಂತ ನೋಡಿ ಊಹಿಸುವುದೂ ಗಣಿತವೇ. ಇಷ್ಟು ದಿನ ಅವಳಿಗೆ ನಾನು ಕೊಡದೇ ಇದ್ದದ್ದು ಎರಡು ಸೆಕೆಂಡ್.

ಘಟಪ್ರಭಾ ನೀರು, ಗೋಕಾಕ

ನನ್ನದೊಂದು ತಕರಾರು ಇದೆ, ತಪ್ಪು ತಿಳಿಯಬೇಡಿ. ನಮ್ಮ ಕಡೆ ಈಗ ಶಾಲೆ ಬಿಡುತ್ತಿರುವವರು ಹುಡುಗರು. 10ನೇ ತರಗತಿ ಮುಗಿಯುವುದರೊಳಗೆ ಪುಣೆ, ಕೊಲ್ಹಾಪುರ ಅಂತ ಕೆಲಸಕ್ಕೆ ಹೋಗುತ್ತಾರೆ. ಹುಡುಗಿಯರು ಹೇಗೂ ಓದುತ್ತಾರೆ. ಅವರಿಗೆ ಮತ್ತೆ ಯಾಕೆ ವಿಶೇಷ ಗಮನ? ಎಲ್ಲರಿಗೂ ಒಂದೇ ರೀತಿ ಕಲಿಸಿದರೆ ಸಾಲದಾ?

ಕೃಷ್ಣಾ ದಂಡೆ ಮಾಸ್ತರ

ಸರ್, ನಿಮ್ಮ ಸಂಕಟ ನನ್ನದೂ ಹೌದು. ನಮ್ಮೂರಲ್ಲೂ ಹುಡುಗರು ಹೋಗುತ್ತಿದ್ದಾರೆ. ಅದಕ್ಕೆ ಬೇರೆಯೇ ಕೂತು ಮಾತಾಡಬೇಕು. ಆದರೆ ಎಲ್ಲರಿಗೂ ಒಂದೇ ರೀತಿ ಕಲಿಸುತ್ತೇನೆ ಅಂತ ನಾನೂ ಅಂದುಕೊಂಡಿದ್ದೆ. ಲ್ಯಾಬ್‌ನಲ್ಲಿ ಕಂಡದ್ದು ಬೇರೆ. ಕಸ ಹೊಡೆಯುವುದು ಹುಡುಗಿಯರು, ವೈರ್ ಜೋಡಿಸುವುದು ಹುಡುಗರು. ಒಂದೇ ಕೋಣೆ, ಒಂದೇ ಪೀರಿಯಡ್, ಎರಡು ಪಾಠ. ಹುಡುಗರ ಪಾಲಿನದನ್ನು ಕಿತ್ತುಕೊಳ್ಳುವುದು ಬೇಡ. ಹುಡುಗಿಯರ ಪಾಲು ಅವರ ಕೈಗೆ ಸಿಗಲಿ ಅಂತ ಅಷ್ಟೇ ಕೇಳುತ್ತಿದ್ದೇನೆ.

ಗವಂತಿ ಹೊಲಿಗೆ, ಇಳಕಲ್

ನಾನು ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿ. ನನ್ನ ಅನುಭವ ಸ್ವಲ್ಪ ಉದ್ದ, ಓದಿ.

ಇಳಕಲ್ ಸೀರೆ ಮೇಲೆ ಕಸೂತಿ ಹಾಕುವುದು ನಿಮಗೆಲ್ಲ ಗೊತ್ತು. ಅದರಲ್ಲಿ ಗವಂತಿ ಅಂತ ಒಂದು ಹೊಲಿಗೆ. ಸೂಜಿ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಡುತ್ತಾ ಹೋಗುತ್ತದೆ. ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರುತ್ತದೆ. ಗಂಟು ಹಾಕುವ ಹಾಗಿಲ್ಲ. ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಒಂದು ಎಳೆ ತಪ್ಪಿದರೆ ಹತ್ತು ಹೊಲಿಗೆ ಆದ ಮೇಲೆ ಹೊಲಿದ ಗೋಪುರ ವಾಲುತ್ತದೆ. ಆಗ ಎಲ್ಲಿ ತಪ್ಪಿತು ಅಂತ ಹುಡುಕಿ ಅಲ್ಲಿಯ ತನಕ ಬಿಚ್ಚಬೇಕು.

ನನ್ನ ತರಗತಿಯ ಒಬ್ಬಳು ಪ್ರೋಗ್ರಾಮಿಂಗ್ ಅಂದರೆ "ಅದು ನಮಗಲ್ರೀ ಅಕ್ಕೋರೇ" ಅನ್ನುತ್ತಿದ್ದಳು. ಅವಳ ಅಜ್ಜಿ ಕಸೂತಿ ಹಾಕುತ್ತಾರೆ. ಒಂದು ದಿನ ಚೌಕದ ಹಾಳೆ ಕೊಟ್ಟು, "ತುಳಸಿ ಕಟ್ಟೆ ಹಾಕು. ಸೂಜಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ, ಬಾಣ ಹಾಕಿ ನಂಬರ್ ಬರೆ" ಅಂದೆ. ಅವಳು ಪೆನ್ಸಿಲ್ ತುದಿ ಕಚ್ಚುತ್ತಾ ಒಂದು ಪೀರಿಯಡ್ ಪೂರ್ತಿ ಕೂತಳು. ಕವಲು ಬಂದ ಕಡೆ ಮೊದಲು ಕವಲಿಗೆ ಹೋಗಿ ವಾಪಸ್ ಬಂದು ಮುಂದೆ ಹೋಗಬೇಕು. ಇಲ್ಲದಿದ್ದರೆ ದಾರ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ಅವಳೇ ಕಂಡುಕೊಂಡಳು. ಅಜ್ಜಿಗೆ ಕೈಯಲ್ಲಿ ಗೊತ್ತಿದ್ದದ್ದು ಇವಳಿಗೆ ಹಾಳೆಯ ಮೇಲೆ ಗೊತ್ತಾಯಿತು.

ಆಮೇಲೆ ಮಕ್ಕಳಿಗೆ ಗಣಿತಜ್ಞ ಆಯ್ಲರ್ ಕಥೆ ಹೇಳಿದೆ. 1736ರಲ್ಲಿ ಕೋನಿಗ್ಸ್‌ಬರ್ಗ್ ಊರಿನ 7 ಸೇತುವೆಗಳನ್ನು ಒಂದೊಂದೇ ಸಲ ದಾಟಿ ಊರು ಸುತ್ತಲು ಆಗುವುದಿಲ್ಲ ಅಂತ ತೋರಿಸಿದವರು. ನಮ್ಮ ಗವಂತಿಯಲ್ಲಿ ಯಾಕೆ ಆಗುತ್ತದೆ? ಇಲ್ಲಿ ಪ್ರತಿ ಗೆರೆಯ ಮೇಲೆ ಎರಡು ಸಲ ಹೋಗುತ್ತೇವೆ. ಹಾಗಾಗಿ ಪ್ರತಿ ಚುಕ್ಕಿಯಲ್ಲೂ ಕೂಡುವ ದಾರಿಗಳ ಲೆಕ್ಕ ಸಮಸಂಖ್ಯೆ. ಗೆರೆಗಳೆಲ್ಲ ಕೂಡಿಕೊಂಡಿದ್ದರೆ ಹೊರಟಲ್ಲಿಗೇ ವಾಪಸ್ ಬರಬಹುದು. ಇದನ್ನು ಹೇಳಿದಾಗ ಆ ಹುಡುಗಿ "ಅದಕ್ಕ ಗಂಟು ಬ್ಯಾಡ" ಅಂದಳು. ನಾನು ಅಷ್ಟು ಚೆನ್ನಾಗಿ ಯೋಚಿಸಿರಲಿಲ್ಲ. ಸೂಜಿ ಹೊರಟಲ್ಲಿಗೇ ಬಂದರೆ ದಾರದ ಎರಡೂ ತುದಿ ಒಂದೇ ಕಡೆ ಸಿಗುತ್ತವೆ, ಹೊಲಿಗೆಯ ಒಳಗೇ ಮುಚ್ಚಬಹುದು.

ಮುಂದಿನ ವಾರ ಅದೇ ನಂಬರ್ ಹಾಳೆ ಹಿಡಿದು ಸ್ಕ್ರ್ಯಾಚ್‌ನಲ್ಲಿ ಪೆನ್ ಇಳಿಸಿ ತುಳಸಿ ಕಟ್ಟೆ ಬರೆಸಿದಳು. ಸ್ಕ್ರ್ಯಾಚ್ ಅಂದರೆ ಬ್ಲಾಕ್ ಜೋಡಿಸಿ ಮಕ್ಕಳು ಪ್ರೋಗ್ರಾಮ್ ಮಾಡುವ ಸಾಫ್ಟ್‌ವೇರ್. ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ, ಒಮ್ಮೆ ಹಾಕಿಕೊಂಡರೆ ಸಾಕು. ಮೊದಲ ಸಲ ಕಟ್ಟೆ ವಾಲಿತು. "ತಡೀರಿ, ಬಿಚ್ಚತೇನಿ" ಅಂದಳು. ಬ್ಲಾಕ್‌ಗಳನ್ನು ಒಂದೊಂದೇ ನೋಡುತ್ತಾ ಹೋಗಿ 90 ಡಿಗ್ರಿ ಬದಲು 60 ಹಾಕಿದ್ದನ್ನು ಹಿಡಿದಳು. ಕಂಪ್ಯೂಟರ್‌ನವರು ಡಿಬಗ್ ಅನ್ನುವುದಕ್ಕೆ ನಮ್ಮ ತರಗತಿಯಲ್ಲಿ ಈಗ ಬಿಚ್ಚುವುದು ಅಂತಲೇ ಹೆಸರು.

ಸ್ಟಾರ್ಟರ್ ಬಾಕ್ಸ್, ಮುಧೋಳ

ಅಕ್ಕೋರೇ, ನಿಮ್ಮ ಪಾಠ ಓದಿ ಖುಷಿಯಾಯಿತು. ಆದರೂ ಒಂದು ಮಾತು ಹೇಳಲೇಬೇಕು. ಹುಡುಗಿಯರು ಅಂದ ತಕ್ಷಣ ಕಸೂತಿ, ರಂಗೋಲಿ, ಅಡುಗೆ ಅಂತ ಉದಾಹರಣೆ ಕೊಡುತ್ತಾರೆ. ನನಗೆ ಕಸೂತಿ ಬರುವುದಿಲ್ಲ. ನನಗೆ ಬರುತ್ತಿದ್ದದ್ದು ಸ್ಟಾರ್ಟರ್.

ನಮ್ಮದು ಕಬ್ಬಿನ ಹೊಲ. ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೋ ಆವಾಗ ಮೋಟರ್ ಹಚ್ಚಬೇಕು. ಅಪ್ಪನ ಜೊತೆ ನಾನೇ ಹೋಗುತ್ತಿದ್ದೆ. ಒಂದು ಫೇಸ್ ಇಲ್ಲದಿದ್ದರೆ ಮೋಟರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ತಕ್ಷಣ ಬಂದ್ ಮಾಡದಿದ್ದರೆ ಕಾಯಿಲ್ ಸುಡುತ್ತದೆ. ಆ ಸದ್ದು ನನಗೆ 12ನೇ ವಯಸ್ಸಿಗೇ ಗೊತ್ತಿತ್ತು. ಶಾಲೆಯಲ್ಲಿ ವಿದ್ಯುತ್ ಪಾಠ ಬಂದಾಗ ಸೆಲ್, ಬಲ್ಬ್, ಸ್ವಿಚ್ ಜೋಡಿಸಲು ಹುಡುಗರನ್ನು ಕರೆದರು. ನಾನು ಕೈ ಎತ್ತಿದ್ದೆ. "ನೀವು ಚಿತ್ರ ತೆಗೀರಿ" ಅಂದರು. ಮೇಲಿನ ಮಾಸ್ತರ ರೆಕಾರ್ಡ್ ಮಾತು ಓದಿ ಅದು ನೆನಪಾಯಿತು.

ಆಮೇಲೆ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದೆ. ಈಗ ನಾನೇ ಮಕ್ಕಳಿಗೆ ಪ್ರಾಕ್ಟಿಕಲ್ ಮಾಡಿಸುತ್ತೇನೆ. ಹುಡುಗಿಗೆ ಏನು ಗೊತ್ತಿದೆ ಅಂತ ಅವಳನ್ನೇ ಕೇಳಿ. ಊಹಿಸಬೇಡಿ.

ಮತ್ತೆ ಇದನ್ನು ನಿಮ್ಮ 10ನೇ ತರಗತಿಯವರಿಗೆ ಹೇಳಿ. ಎಐಸಿಟಿಇಯ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಪ್ರಗತಿ ವಿದ್ಯಾರ್ಥಿವೇತನ ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ಓದುವ ಹುಡುಗಿಯರಿಗೇ ಇದೆ. ವರ್ಷಕ್ಕೆ 50,000 ರೂಪಾಯಿ. ಕುಟುಂಬದ ವರಮಾನ 8 ಲಕ್ಷದ ಒಳಗಿರಬೇಕು, ಕಾಲೇಜಿಗೆ ಎಐಸಿಟಿಇ ಮಾನ್ಯತೆ ಇರಬೇಕು. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳ ತನಕ ಸಿಗುತ್ತದೆ. ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಲಿ.

ಗವಂತಿ ಹೊಲಿಗೆ, ಇಳಕಲ್

ನೀವು ಹೇಳಿದ್ದು ಸರಿ ತಂಗಿ. ನಾನು ಆ ಹಾಳೆಯನ್ನು ಹುಡುಗರಿಗೂ ಕೊಟ್ಟೆ. ಮಗ್ಗದ ಮನೆಯ ಹುಡುಗನೊಬ್ಬ ಎಲ್ಲರಿಗಿಂತ ಮೊದಲು ಮುಗಿಸಿದ. ಈ ಸೋಮವಾರ ತರಗತಿಯಲ್ಲಿ "ಮನೆಯಲ್ಲಿ ಯಾವ ಯಂತ್ರ ನೀವು ನಡೆಸುತ್ತೀರಿ" ಅಂತ ಕೇಳುತ್ತೇನೆ.

ಬೆಳಗಾವಿ ಹಾಸ್ಟೆಲ್ ಹುಡುಗಿ

ನಾನು ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಮೂರನೇ ವರ್ಷ. ಹತ್ತರ ತನಕ ರಾಮದುರ್ಗ ಕಡೆ ಕನ್ನಡ ಮಾಧ್ಯಮ. ಶಿಕ್ಷಕರೆಲ್ಲ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಪಿಯುಸಿ ಮೊದಲ ವಾರ ಲೆಕ್ಚರರ್ "ಆಕ್ಸಿಲರೇಷನ್" ಅಂದರು. ನನಗೆ ವೇಗೋತ್ಕರ್ಷ ಚೆನ್ನಾಗಿ ಗೊತ್ತಿತ್ತು. ಅದೇ ಇದು ಅಂತ ಗೊತ್ತಿರಲಿಲ್ಲ. ಪಾಲಿನಾಮಿಯಲ್ ಅಂದರೆ ಬಹುಪದೋಕ್ತಿ, ಇನರ್ಷಿಯಾ ಅಂದರೆ ಜಡತ್ವ, ಡಿನಾಮಿನೇಟರ್ ಅಂದರೆ ಛೇದ. ಎಲ್ಲ ಓದಿದ್ದೇ. ಹೆಸರು ಮಾತ್ರ ಬೇರೆ. ನನ್ನ ಜೊತೆ ಬಂದ ಇಬ್ಬರು ಹುಡುಗಿಯರು ತಿಂಗಳೊಳಗೆ ಆರ್ಟ್ಸ್‌ಗೆ ಬದಲಾಯಿಸಿಕೊಂಡರು. "ನಮಗೆ ಸೈನ್ಸ್ ತಲೆ ಇಲ್ಲ" ಅಂದುಕೊಂಡು ಹೋದರು. ಅವರಲ್ಲಿ ಒಬ್ಬಳು ನನಗೆ ಲೆಕ್ಕ ಹೇಳಿಕೊಟ್ಟವಳು. ಕನ್ನಡ ಮಾಧ್ಯಮದ ಹುಡುಗರಿಗೂ ಇದೇ ತೊಂದರೆ ಇತ್ತು. ಅವರು ಸಂಜೆ ಲೆಕ್ಚರರ್ ರೂಮಿನ ಹತ್ತಿರ ನಿಂತು ಕೇಳಿ ಬರುತ್ತಿದ್ದರು. ನಮಗೆ ಬಸ್ ಹಿಡಿಯುವ ಗಡಿಬಿಡಿ.

ನಾನು ಉಳಿದದ್ದು ಒಂದು ನೋಟ್‌ಬುಕ್‌ನಿಂದ. 10ನೇ ಪರೀಕ್ಷೆ ಮುಗಿದ ಮೇಲೆ ನಮ್ಮ ವಿಜ್ಞಾನದ ಸರ್ 200 ಪುಟದ ನೋಟ್‌ಬುಕ್ ಕೊಟ್ಟು, "ರಜೆಯಲ್ಲಿ ಪಾಠದ ಪುಸ್ತಕ ತಿರುವಿ ಎಡಕ್ಕೆ ಕನ್ನಡ ಪದ ಬರಿ, ಬಲಕ್ಕೆ ನಾನು ಇಂಗ್ಲಿಷ್ ಬರೆದುಕೊಡ್ತೀನಿ" ಅಂದಿದ್ದರು. ವಾರಕ್ಕೊಮ್ಮೆ ತಮ್ಮನ ಕೈಯಲ್ಲಿ ಕಳಿಸುತ್ತಿದ್ದೆ. ಕೆಂಪು ಪೆನ್ನಿನಲ್ಲಿ ತುಂಬಿ ಕಳಿಸುತ್ತಿದ್ದರು. ಉಚ್ಚಾರಣೆಯನ್ನೂ ಕನ್ನಡದಲ್ಲೇ ಬರೆದಿರುತ್ತಿದ್ದರು. ಆ ನೋಟ್‌ಬುಕ್ ಈಗಲೂ ನನ್ನ ಟ್ರಂಕಿನಲ್ಲಿದೆ. ಏಪ್ರಿಲ್, ಮೇ ಎರಡೇ ತಿಂಗಳು ಸರ್. ದಯವಿಟ್ಟು ಇದನ್ನು ಮಾಡಿ.

ಜಮಖಂಡಿ ವಿಜ್ಞಾನ ಮೇಡಂ

ನನ್ನ ಕಡೆಯಿಂದ ಒಂದು ಸಣ್ಣದು. 8ನೇ ತರಗತಿಗೆ "ವಿಜ್ಞಾನಿಯ ಚಿತ್ರ ಬರೆಯಿರಿ" ಅಂದೆ. ಎಲ್ಲರೂ ಗಡ್ಡದ ಗಂಡಸನ್ನೇ ಬರೆದರು. 1983ರಲ್ಲಿ ಪ್ರಕಟವಾದ ಚೇಂಬರ್ಸ್ ಅಧ್ಯಯನದಲ್ಲಿ 4,807 ಮಕ್ಕಳ ಚಿತ್ರಗಳಲ್ಲಿ ಹೆಣ್ಣು ವಿಜ್ಞಾನಿ ಇದ್ದದ್ದು 28ರಲ್ಲಿ ಮಾತ್ರ, ಆ 28ನ್ನೂ ಬರೆದವರು ಹುಡುಗಿಯರೇ. ನಾನು ಫೋಟೋ ತೋರಿಸುವುದು ಬಿಟ್ಟು ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿ ಕಥೆ ಹೇಳಿದೆ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರು ಹೆಣ್ಣು ಅನ್ನುವ ಕಾರಣಕ್ಕೆ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಕಮಲಾ ಹಟ ಬಿಡಲಿಲ್ಲ. ಷರತ್ತಿನ ಮೇಲೆ ಸೇರಿ, ಆಮೇಲೆ 1939ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಪಡೆದರು. ನನ್ನ ಮಕ್ಕಳು ಕೇಳಿದ ಪ್ರಶ್ನೆ ಡಿಗ್ರಿ ಬಗ್ಗೆ ಅಲ್ಲ. "ಬ್ಯಾಡ ಅಂದಾಗ ಅವರು ಏನಂದ್ರು ಮೇಡಂ?" ಅಂತ ಕೇಳಿದರು.

ಸಿಂದಗಿ ತಾಲೂಕಿನ ತಂದೆ

ನಾನು ಶಿಕ್ಷಕ ಅಲ್ಲ. ಎರಡು ಎಕರೆ ತೊಗರಿ ಹೊಲದವ. ಮಗಳು ಮೊಬೈಲ್‌ನಲ್ಲಿ ಇದನ್ನೆಲ್ಲ ಓದಿ ಹೇಳಿದಳು. ನಾನು ಹೇಳಿದ್ದನ್ನು ಅವಳೇ ಬರೆಯುತ್ತಿದ್ದಾಳೆ.

ಇವಳು ಹತ್ತರಲ್ಲಿ ಒಳ್ಳೆಯ ಅಂಕ ತೆಗೆದಾಗ ನಾನು ಸೈನ್ಸ್ ಬೇಡ ಅಂದಿದ್ದೆ. ಮಂದಿ ನನ್ನನ್ನು ಹಳೇ ಕಾಲದವ ಅಂದರು. ಸೈನ್ಸ್ ಕಾಲೇಜು ಇರುವುದು ತಾಲೂಕಿನಲ್ಲಿ. ಪ್ರಾಕ್ಟಿಕಲ್ ಮುಗಿಯುವುದು ಐದಕ್ಕೆ. ನಮ್ಮೂರಿನ ಕೊನೆಯ ಬಸ್ ನಾಲ್ಕೂವರೆಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಟಿಕೆಟ್ ಖರ್ಚು ಹೋಯಿತು ನಿಜ. ಬಸ್ಸಿನ ಟೈಮ್ ಮಾತ್ರ ಹಾಗೇ ಇತ್ತು. ಚಳಿಗಾಲದಲ್ಲಿ ಆರಕ್ಕೆ ಕತ್ತಲು. ಕ್ರಾಸಿನಿಂದ ಮೂರು ಕಿಲೋಮೀಟರ್ ಒಬ್ಬಳೇ ನಡೆದು ಬರಬೇಕು.

ಅವಳ ಮಾಸ್ತರ ಬೈಕ್ ಮೇಲೆ ಮನೆಗೆ ಬಂದರು. ಹಾಗೆ ಬಂದವರು ಮೊದಲೂ ಇದ್ದರು, ಮಗಳು ಜಾಣಿ ಅಂತ ಹೇಳಿ ಚಹಾ ಕುಡಿದು ಹೋಗಿದ್ದರು. ಅವಳು ಜಾಣಿ ಅಂತ ನನಗೆ ಗೊತ್ತಿತ್ತು. ಈ ಮಾಸ್ತರ ಜೇಬಿನಿಂದ ಒಂದು ಹಾಳೆ ತೆಗೆದರು. ಒಂದು ಕಡೆ ಕಾಲೇಜಿನ ಟೈಮ್‌ಟೇಬಲ್, ಇನ್ನೊಂದು ಕಡೆ ಬಸ್ಸಿನದು. ಮೊದಲೇ ಲೆಕ್ಚರರ್ ಹತ್ತಿರ ಮಾತಾಡಿ ಬಂದಿದ್ದರು. ಹಳ್ಳಿಯಿಂದ ಬರುವ ಹುಡುಗಿಯರನ್ನೆಲ್ಲ ಮೊದಲ ಬ್ಯಾಚಿಗೆ ಹಾಕಿ ಮೂರೂವರೆಗೆ ಬಿಡಲು ಅವರು ಒಪ್ಪಿದ್ದರು. ನಮ್ಮ ಮತ್ತು ಪಕ್ಕದ ಊರಿನ ಇನ್ನೂ ನಾಲ್ಕು ಹುಡುಗಿಯರ ಹೆಸರು ಆ ಹಾಳೆಯಲ್ಲಿದ್ದವು. ಐದು ಜನ ಕೂಡಿ ಹೋಗಿ ಬರುತ್ತಾರೆ ಅಂದರು. ನಾನು ಅವತ್ತೇ ಸಹಿ ಹಾಕಿದೆ.

ಮನೆಗೆ ಬರುವ ಶಿಕ್ಷಕರು ಬಸ್ಸಿನ ಲೆಕ್ಕ ಮಾಡಿಕೊಂಡು ಬನ್ನಿ.

ಕೃಷ್ಣಾ ದಂಡೆ ಮಾಸ್ತರ

ಮೂರು ವಾರ ಆಯಿತು. ನಡೆದದ್ದನ್ನು ಹೇಳುತ್ತೇನೆ.

ಮೊದಲ ವಾರ 10 ನಿಮಿಷಕ್ಕೊಮ್ಮೆ ಮೌಸ್ ಕೈ ಬದಲಾಗಬೇಕು ಅಂತ ನಿಯಮ ಮಾಡಿದೆ. ಕೆಲಸ ಮಾಡಲಿಲ್ಲ. ಹುಡುಗರು ಕಸಿದುಕೊಂಡರು ಅಂತಲ್ಲ. ಹುಡುಗಿಯರೇ "ನೀ ಮಾಡಪಾ, ನಂಗ ತಪ್ಪತೈತಿ" ಅಂತ ಎರಡೇ ನಿಮಿಷಕ್ಕೆ ವಾಪಸ್ ಕೊಟ್ಟರು. ಇದನ್ನು ನಾನು ಎಣಿಸಿರಲಿಲ್ಲ. ಎರಡನೇ ವಾರ 3 ಕಂಪ್ಯೂಟರ್ ಹುಡುಗಿಯರಿಗೇ ಬಿಟ್ಟೆ. ಕೊಡಲು ಪಕ್ಕದಲ್ಲಿ ಬೇರೆ ಕೈ ಇರಲಿಲ್ಲ. ಆಗ ತಪ್ಪಿದರು, ಫೈಲ್ ಕಳೆದರು, ಹುಡುಕಿದರು. ಮೂರನೇ ವಾರ ಮತ್ತೆ ಕೂಡಿಸಿದೆ. ಮೌಸ್ ಇಲ್ಲದವರು ಬಾಯಿಂದ ಹೇಳಬಹುದು, ಕೈ ಹಾಕುವ ಹಾಗಿಲ್ಲ. ಈಗ ನಡೆಯುತ್ತಿದೆ.

ರೆಕಾರ್ಡ್ ಪ್ರತಿಯೊಬ್ಬರೂ ತಾವೇ ಬರೆಯಬೇಕು. ಕಸದ ಪಾಳಿ ಗೋಡೆಗೆ ಅಂಟಿಸಿದ್ದೇನೆ, ಅದರಲ್ಲಿ ಎಲ್ಲರ ಹೆಸರೂ ಇದೆ. ಲ್ಯಾಬ್ ಕೀಲಿ ಇಬ್ಬರು ಹುಡುಗಿಯರ ಹತ್ತಿರ ಇದೆ. ಹಾಳೆಯ ಕೀಬೋರ್ಡ್ ತೆಗೆದಿದ್ದವಳು ಅವರಲ್ಲಿ ಒಬ್ಬಳು. ಅವಳ ಆ ಹಾಳೆಯನ್ನೇ ಝೆರಾಕ್ಸ್ ಮಾಡಿಸಿ 8ನೇ ತರಗತಿಯ ಎಲ್ಲರಿಗೂ ಕೊಟ್ಟೆ. ಪಾಳಿ ಬರುವ ತನಕ ಹುಡುಗರೂ ಹುಡುಗಿಯರೂ ಅದರ ಮೇಲೆ ಬೆರಳಾಡಿಸುತ್ತಾರೆ.

ಮೊನ್ನೆ ಕೆಟ್ಟ ಕಂಪ್ಯೂಟರ್ ಒಂದನ್ನು ಅವಳು ಬಿಚ್ಚಿದಳು. ನಾನು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದೆ. ರ‍್ಯಾಮ್ (ಮೆಮೊರಿ ಬಿಲ್ಲೆ) ತೆಗೆದು, ರಬ್ಬರ್‌ನಿಂದ ಅದರ ಚಿನ್ನದ ಬಣ್ಣದ ಪಟ್ಟಿ ಉಜ್ಜಿ, ಮತ್ತೆ ಕೂರಿಸಿದಳು. ಕಂಪ್ಯೂಟರ್ ಎದ್ದಿತು. ಈಗ 7 ನಡೆಯುತ್ತವೆ. ಉಳಿದ ನಾಲ್ಕರಲ್ಲಿ ಎರಡಕ್ಕೆ ರ‍್ಯಾಮ್ ಪೂರ್ತಿ ಹೋಗಿದೆ ಅಂತ ಅವಳೇ ಬದಲಿಸಿ ಬದಲಿಸಿ ನೋಡಿ ಹೇಳಿದ್ದಾಳೆ. ಯಾರ ಹತ್ತಿರವಾದರೂ ಹಳೆಯ ಡಿಡಿಆರ್3, 2 ಜಿಬಿ ರ‍್ಯಾಮ್ ಇದ್ದರೆ ತಿಳಿಸಿ.

ಬೆಳಗಾವಿ ಹಾಸ್ಟೆಲ್ ಹುಡುಗಿ

ಸರ್, ನನ್ನ ಹತ್ತಿರ ಒಂದಿದೆ, ಗೆಳತಿ ಹತ್ತಿರ ಒಂದಿದೆ. ಶನಿವಾರ ಊರಿಗೆ ಹೊರಡುತ್ತೇನೆ. ಭಾನುವಾರ ಬಾಗಲಕೋಟೆ ಬಸ್‌ಸ್ಟ್ಯಾಂಡಿಗೆ ತಂದುಕೊಡಲಾ? ಕೀಲಿ ಇರುವ ಆ ಹುಡುಗಿಯನ್ನೂ ಕರೆದುಕೊಂಡು ಬನ್ನಿ.